ಹೆರಿಗೆ ಮಂಚದ ಗಂಟುಗಳು

ಆ ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಇದ್ದವರು ಇಷ್ಟು ಜನ. ಕಿಟಕಿಯ ಪಕ್ಕದ ಮಂಚದ ಮೇಲೆ ವಿಜಯಪುರದ ಕಡೆಯ ಒಬ್ಬ ಚೊಚ್ಚಲ ಬಸುರಿ. ಅವಳ ತಲೆದಿಂಬಿನ ಹತ್ತಿರ ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದ ಅವಳ ಅತ್ತೆ. ಮಂಚದ ಇನ್ನೊಂದು ಪಕ್ಕದಲ್ಲಿ, ಬಿಪಿ ನೋಡುವ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ ನಮ್ಮ ಯುನಿಟ್ಟಿನ ಹೊಸ ಹುಡುಗಿ, ಮೊದಲ ವರ್ಷದ ರೆಸಿಡೆಂಟ್, ಸಾತಾರದವಳು, ಕನ್ನಡದ ಗಂಧಗಾಳಿ ಇಲ್ಲದವಳು. ಮೇಜಿನ ಹತ್ತಿರ ಹಿರಿಯ ಸಿಸ್ಟರ್. ಆಮೇಲೆ ನಾನು, ಮೂರನೆಯ ವರ್ಷದ ರೆಸಿಡೆಂಟ್. ಬಾಗಿಲ ಆಚೆ ಬಸುರಿಯ ಗಂಡ, ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯ ಯುನಿಫಾರ್ಮಿನಲ್ಲೇ ಓಡಿ ಬಂದವನು, ಗೋಡೆಗೆ ಒರಗಿ ನಿಂತಿದ್ದ.

ರೆಸಿಡೆಂಟ್ ಎಂದರೆ ಎಂಬಿಬಿಎಸ್ ಮುಗಿದ ಮೇಲೆ ಮೂರು ವರ್ಷ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡು ಹೆರಿಗೆಯ ಶಾಸ್ತ್ರ ಕಲಿಯುವವರು. ಹೆಸರಿಗೆ ಡಾಕ್ಟರು, ಸಿಸ್ಟರ್ ಕಣ್ಣಿಗೆ ಮಾತ್ರ ಇನ್ನೂ ಶಾಲೆ ಮಕ್ಕಳು. ಪುಣೆಯಲ್ಲಿ ನಮ್ಮ ಆಸ್ಪತ್ರೆಗೆ ಸೊಲ್ಲಾಪುರ, ಕಲಬುರ್ಗಿ, ವಿಜಯಪುರದಿಂದ ಕೆಲಸಕ್ಕೆ ಬಂದ ಮಂದಿ ಬಹಳ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಬಸುರಿ ಬಂದಳೆಂದರೆ ಯಾವ ಯುನಿಟ್ಟಿನವರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಕನ್ನಡ ಶಾಲೆಯ ಮುಖ ನೋಡಿದವಳಲ್ಲ. ಇದೇ ಪುಣೆಯ ಕೋಥರೂಡದ ನಮ್ಮ ಮನೆಯಲ್ಲಿ ಧಾರವಾಡದ ಅಜ್ಜಿ ಇದ್ದಳು, ಅವಳ ತಂಗಿಯೊಬ್ಬಳು ಇದ್ದಳು. ಇಬ್ಬರೂ ಸೇರಿ ಜಗಳವಾಡುವುದನ್ನು ಕೇಳುತ್ತ ಕೇಳುತ್ತ ನನಗೆ ಕನ್ನಡ ಬಂತು. ಅಕ್ಷರವನ್ನು ಅಜ್ಜಿಯೇ ಹಳೆಯ ಕ್ಯಾಲೆಂಡರಿನ ಬೆನ್ನಮೇಲೆ ಬರೆಸಿದಳು. ಅದಕ್ಕೇ ನನ್ನ ಮಾತಿನಲ್ಲಿ ಈಗಲೂ ಎಪ್ಪತ್ತು ದಾಟಿದವರ ಧಾಟಿ ಇದೆ ಎಂದು ಊರಿನ ಕಡೆಯವರು ನಗುತ್ತಾರೆ.

ಕಿಟಕಿಯ ಪಕ್ಕದ ಆ ಬಸುರಿಯ ಸಂಗತಿ ಸಲೀಸಾಗಿರಲಿಲ್ಲ. ತಿಂಗಳು ತುಂಬಿತ್ತು, ಕಾಲು ಬಾತಿದ್ದವು, ಬಿಪಿ ಮೇಲೇರಿ ಕೂತಿತ್ತು. ಬಸುರಿಯಲ್ಲಿ ಬಿಪಿ ಹಾಗೆ ಏರಿದರೆ ಯಾವ ಕ್ಷಣಕ್ಕೂ ಫಿಟ್ಸ್ ಬರಬಹುದು. ಬಂದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ಅದಕ್ಕೆ ನಿಜವಾದ ಮದ್ದು ಎಂದರೆ ಹೆರಿಗೆಯೇ. ಫಿಟ್ಸ್ ತಡೆಯುವ ಇಂಜೆಕ್ಷನ್ ಕೊಟ್ಟು, ನೋವು ಬರಿಸುವ ಸಲೈನ್ ಹಚ್ಚಿ, ಬೆಳಗಿನಿಂದ ಕಾಯುತ್ತಿದ್ದೆವು. ನೋವು ಬರುತ್ತಿತ್ತು, ಹೋಗುತ್ತಿತ್ತು. ಚೊಚ್ಚಲ ಹೆರಿಗೆ, ಅದರ ಪಾಡಿಗೆ ಅದು ಮೆಲ್ಲಗೆ ನಡೆದಿತ್ತು. ನಮಗೆ ಬೇಕಾಗಿದ್ದು ಒಂದೇ: ಹೆರಿಗೆ ಆಗುವ ತನಕ ಆ ಹುಡುಗಿ ಆ ಕೋಣೆ ಬಿಟ್ಟು ಕದಲಬಾರದು.

ಅತ್ತೆಗೆ ಬಿಪಿಯ ಮಾತು ತಲೆಗೆ ಹತ್ತಿರಲಿಲ್ಲ. ಆದರೆ ಆಕೆ ಸುಮ್ಮನೆ ಕೂತವಳೂ ಅಲ್ಲ. ಬಂದ ಕೂಡಲೇ ಸೊಸೆಯ ಹೆರಳು ಬಿಚ್ಚಿ ಕೂದಲನ್ನು ದಿಂಬಿನ ಮೇಲೆ ಹರವಿದಳು. ಆಸ್ಪತ್ರೆಯ ಗೌನಿನ ಲಾಡಿ ಬಿಚ್ಚಿದಳು. ತಮ್ಮ ಚೀಲದ ಗಂಟು ಬಿಚ್ಚಿದಳು, ಊಟದ ಡಬ್ಬಿಯ ಮುಚ್ಚಳ ತೆಗೆದಿಟ್ಟಳು. ಅಷ್ಟಕ್ಕೇ ಬಿಡದೆ ಹೊರಗಿನ ಬಾಕಿನ ಮೇಲೆ ಕೂತಿದ್ದ ಅಪರಿಚಿತರ ಚೀಲದ ಜಿಪ್ಪುಗಳನ್ನೂ ಎಳೆದು ಬಂದಳೆಂದು ಸಿಸ್ಟರ್ ದೂರು ಹೇಳಿದರು. ಬಾಗಿಲ ಹತ್ತಿರದ ಮದ್ದಿನ ಕಪಾಟಿಗೆ ಕೈ ಹಚ್ಚಿದಾಗ ಸಿಸ್ಟರ್ ಕೀಲಿಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನನ್ನು ಕರೆದರು. "ತುಮಚ್ಯಾ ಗಾಂವಚೀ ಆಹೇ, ನಿಮ್ಮ ಊರಿನವಳು, ನೀವೇ ಸಂಭಾಳಿಸಿ!"

ನನಗೆ ನಗು ಬಂತು. ನಮ್ಮ ಕಡೆ ಮನೆಯಲ್ಲಿ ಹೆರಿಗೆ ನೋವು ಶುರುವಾಯಿತೆಂದರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು, ಮುಚ್ಚಿದ್ದನ್ನೆಲ್ಲ ತೆರೆಯಬೇಕು. ಹಾಗೆ ಮಾಡಿದರೆ ಬಸುರಿಯ ಹಾದಿಯೂ ಸಲೀಸಾಗಿ ತೆರೆಯುತ್ತದೆ ಎಂದು ಹಿರಿಯರ ನಂಬಿಕೆ. ನಾನು ಹುಟ್ಟಿದ ದಿನ ಅಜ್ಜಿ ಟ್ರಂಕು, ಡಬ್ಬಿ, ಕಪಾಟು ಎಲ್ಲವನ್ನೂ ತೆರೆದಿಟ್ಟು, ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟಿದ ಅರಿವೆಯನ್ನೂ ಬಿಚ್ಚಿದ್ದಳಂತೆ. ಬಾಣಂತನದ ಗದ್ದಲದಲ್ಲಿ ಅದನ್ನು ಮತ್ತೆ ಕಟ್ಟುವುದು ಯಾರಿಗೂ ನೆನಪಾಗದೆ, ಆ ವರ್ಷದ ಮಾವಿನಕಾಯಿ ಪೂರಾ ಬೂಸರು ಹಿಡಿಯಿತು. "ನಿನ್ನ ಸಲುವಾಗಿ ಒಂದ್ ವರ್ಷ ಉಪ್ಪಿನಕಾಯಿ ಇಲ್ಲದs ಉಂಡೇವಿ ನೋಡು, ಮರೀಬ್ಯಾಡ," ಎಂದು ನಾನು ಡಾಕ್ಟರಾದ ಮೇಲೂ ಹಂಗಿಸುತ್ತಿದ್ದಳು.

ಹಾಗಾಗಿ ನಾನು ಸಿಸ್ಟರ್‌ಗೆ ಸಮಾಧಾನ ಹೇಳಿ, ಅತ್ತೆಯನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ. "ಅವ್ವಾರ, ಇಲ್ಲೇ ಸೊಸಿ ಹತ್ರ ಕೂಡ್ರಿ. ಔಷಧದ ಕಪಾಟ ತಗದ್ರ ನನ್ನ ನೌಕರಿ ಹೋಗ್ತದ."

"ಕೂಡ್ತೀನಿ ತಗೋರಿ ಬಾಯಾರ. ಕೂತs ಏನ್ ಸಿಗತೈತಿ ನೋಡ್ತೀನಿ," ಎಂದಳು.

ಸಿಕ್ಕೇ ಬಿಟ್ಟಿತು.

ಇಲ್ಲಿ ನಮ್ಮ ಕಸುಬಿನ ಒಂದು ಚಾಳಿಯನ್ನು ಹೇಳಬೇಕು. ಶಸ್ತ್ರಕ್ರಿಯೆಯಲ್ಲಿ ರಕ್ತನಾಳ ಕಟ್ಟಬೇಕು, ಗರ್ಭಚೀಲ ಹೊಲಿಯಬೇಕು. ಅಲ್ಲಿ ಗಂಟು ಜಾರಿದರೆ ರಕ್ತ ಹರಿಯುತ್ತದೆ. ಅದಕ್ಕೇ ಮೊದಲ ವರ್ಷದವರಿಗೆ ಹಿರಿಯರು ಹೇಳುವ ಮೊದಲ ಪಾಠ, ಕೈ ಖಾಲಿ ಇದ್ದಾಗಲೆಲ್ಲ ಗಂಟು ಹಾಕುತ್ತಿರು. ಆಪರೇಷನ್ನಿನಲ್ಲಿ ಉಳಿದ ರೇಶ್ಮೆ ದಾರದ ತುಂಡುಗಳನ್ನು ಜೇಬಿನಲ್ಲಿ ಇಟ್ಟುಕೊಂಡು, ಎಲ್ಲಿ ನಿಂತರೆ ಅಲ್ಲಿ ಹಾಕುತ್ತೇವೆ. ಕುರ್ಚಿಯ ಕೈಗೆ, ಮೇಜಿನ ಹಿಡಿಕೆಗೆ, ಬಸ್ಸಿನ ಸೀಟಿನ ಮುಂದಿನ ಕಂಬಿಗೆ. ಹೆರಿಗೆ ಕೋಣೆಯಲ್ಲಿ ನೋವಿಗೆ ಕಾಯುತ್ತ ನಿಂತಾಗ ಮಂಚದ ಪಕ್ಕದ ಸರಳಿಗೆ. ನಾನು ಅಜ್ಜಿಯ ಕುರ್ಚಿಗೆ ಎಷ್ಟು ಹಾಕಿದ್ದೆನೆಂದರೆ, ಅದಕ್ಕೆ ಗಡ್ಡ ಬಂದಿದೆ ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಆ ರೇಶ್ಮೆ ದಾರದ ಬಣ್ಣ ಕಪ್ಪು.

ಅತ್ತೆ ಮಂಚದ ಸರಳಿನ ಕೆಳಗೆ ಕೈಯಾಡಿಸಿದಳು. ಆಮೇಲೆ ಬಗ್ಗಿ ನೋಡಿದಳು. ಸೊಸೆಯ ತಲೆಯ ನೇರಕ್ಕೆ, ಸಾಲಾಗಿ, ಒಂದರ ಪಕ್ಕ ಒಂದು, ಕರಿದಾರದ ಗಂಟುಗಳು. ಆಕೆ ಎದ್ದು ನಿಂತ ರೀತಿಗೆ ಸ್ಟೂಲು ಹಿಂದಕ್ಕೆ ಬಿತ್ತು.

"ಯಾರ್ರಿ ಇದನ್ನ ಕಟ್ಟಿದಾವ್ರು?"

ನಾನು ನೋಡಿದೆ, ನನಗೆ ಅರ್ಥವಾಯಿತು, ಆದರೆ ಬಾಯಿ ತೆರೆಯುವಷ್ಟರಲ್ಲಿ ಆಕೆಯ ದನಿ ಏರಿತ್ತು. "ಮುಂಜಾನಿಂದ ನಾ ವಿಚಾರ ಮಾಡ್ಲಾಕ್ಹತ್ತೀನಿ, ಬ್ಯಾನಿ ಬರ್ತೈತಿ, ಕೂಸ್ ಯಾಕ್ ಬರವಲ್ದು ಅಂತ! ಹೆರಿಗಿನs ಕಟ್ಟ್ಯಾರಲ್ಲ! ಕರೇ ದಾರದಾಗ ಕಟ್ಟ್ಯಾರಲ್ಲ! ಏ ತಮ್ಮಾ, ಬಾರೋ ಒಳಗ! ಈ ಮಂಚದ ಮ್ಯಾಲ ನನ್ನ ಸೊಸಿ ಹಡಿಯಂಗಿಲ್ಲ. ಗಾಡಿ ತರಸು, ನಡಿ ಊರಿಗೆ!"

ಮಗ ಬಾಗಿಲಲ್ಲಿ ಬಂದು ನಿಂತ. ಅವನಿಗೆ ಒಳಗೆ ಬರಲು ಅಪ್ಪಣೆ ಇಲ್ಲ, ಹೊರಗಿರಲು ಮನಸ್ಸಿಲ್ಲ. "ಡಾಕ್ಟರ್ರ, ಸಹಿ ಮಾಡಿ ಕರ್ಕೊಂಡ ಹೋಗಬಹುದೇನ್ರಿ? ಅವ್ವ ಹಟಕ್ಕ ಬಿದ್ಲಂದ್ರ ಕೇಳೂದಿಲ್ರಿ," ಎಂದ. ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು.

ಊರು ಎಂದರೆ ವಿಜಯಪುರದ ಆಚೆ, ದಿನದ ಬಹುಪಾಲು ತಿನ್ನುವ ಹಾದಿ. ದಾರಿಯಲ್ಲಿ ಫಿಟ್ಸ್ ಬಂದರೆ ಹಿಡಿಯುವವರಿಲ್ಲ. ಅದನ್ನೇ ಹೇಳಿದೆ. ಬಿಪಿಯ ಯಂತ್ರ ತೋರಿಸಿ ಹೇಳಿದೆ, ಬಾತ ಕಾಲು ತೋರಿಸಿ ಹೇಳಿದೆ. ಅತ್ತೆ ಸೊಸೆಯ ಚಪ್ಪಲಿ ಹುಡುಕುತ್ತಿದ್ದಳು.

ಅಷ್ಟರಲ್ಲಿ ಸಾತಾರದ ಹುಡುಗಿಗೆ ಭಾಷೆ ತಿಳಿಯದಿದ್ದರೂ ಸರಳು ತೋರಿಸಿದ ಬೆರಳು ತಿಳಿಯಿತು. ಮುಖ ಬಿಳಿಚಿಕೊಂಡು ನನ್ನ ತೋಳು ಹಿಡಿದಳು. "ಮ್ಯಾಮ್, ತ್ಯಾ ಗಾಠೀ ಮಾಝ್ಯಾ ಆಹೇತ." ಆ ಗಂಟು ತನ್ನವೇ ಎಂದಳು.

ಅದನ್ನು ನಾನು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅವ್ವಾರ, ಇದು ಯಾರೂ ಮಾಟ ಮಾಡಿಸಿದ್ದಲ್ರಿ. ಈ ಹುಡುಗಿ ಹೊಲಿಗಿ ಕಲೀಲಿಕ್ಕೆ ಹತ್ಯಾಳ. ನಿಂತಲ್ಲೆ ಗಂಟು ಹಾಕಿ ಹಾಕಿ ರೂಢಿ ಮಾಡ್ಕೋತಾಳ."

"ರೂಢಿ ಮಾಡ್ಕೊಳ್ಳಾಕ ನನ್ನ ಸೊಸಿ ಹಾಸಿಗಿನs ಸಿಕ್ತೇನು? ಹಡಿಯೂ ಮನ್ಯಾಗ ಗಂಟು ಹಾಕ್ತಾರೇನ್ರಿ ಯಾರರ? ನಿಮಗ ಇದನ್ನ ಕಲಿಸಿದಾವ್ರಿಗೆ ಅಷ್ಟೂ ತಿಳಿಯಂಗಿಲ್ಲ?"

ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರು ವರ್ಷ ಆ ಕೋಣೆಯಲ್ಲಿ ಓಡಾಡಿದ್ದೆ; ಹೆರುವವರ ಮಂಚಕ್ಕೆ ನಾವು ಗಂಟು ಹಾಕುತ್ತೇವೆ ಎಂಬುದನ್ನು ಒಬ್ಬ ಅಜ್ಜಿಯ ಕಣ್ಣಿನಿಂದ ನೋಡಿರಲೇ ಇಲ್ಲ. ನನ್ನ ಅಜ್ಜಿ ಇದ್ದಿದ್ದರೂ ಸ್ಟೂಲು ಬೀಳಿಸುತ್ತಿದ್ದಳು.

ಆ ದಿನ ಅಪರೂಪಕ್ಕೆ ಉಳಿದ ಎರಡೂ ಮಂಚ ಖಾಲಿ ಇದ್ದವು. ಸೊಸೆಯನ್ನು ಪಕ್ಕದ್ದರ ಮೇಲೆ ಮಲಗಿಸೋಣ ಎಂದೆ. ಅತ್ತೆ ಹೋಗಿ ಅದರ ಸರಳು ತಡವಿದಳು. ಅಲ್ಲಿಯೂ ಗಂಟು. ಮೂರನೆಯದಕ್ಕೆ ಹೋದಳು, ಅದಕ್ಕೆ ಇನ್ನೂ ಹೆಚ್ಚು, ನಮಗಿಂತ ಹಿಂದಿನವರು ಹಾಕಿ ಹೋದವು ಧೂಳು ಹಿಡಿದು ಕೂತಿದ್ದವು. ಸಿಸ್ಟರ್ ಹಣೆ ಹಣೆ ಬಡಿದುಕೊಂಡರು. "ದಿನಾ ಹೇಳ್ತೀನಿ ಈ ಡಾಕ್ಟರುಗಳಿಗೆ, ಸರಳಿಗೆ ಕಟ್ಟಬೇಡ್ರೋ ಅಂತ! ಈಗ ಅನುಭವಿಸ್ರಿ!" ಎಂದು ಮರಾಠಿಯಲ್ಲಿ ಬೈಯುತ್ತ ಕತ್ತರಿ ತಂದರು.

ಕತ್ತರಿ ಕಂಡದ್ದೇ ಅತ್ತೆ ಎರಡೂ ಕೈ ಅಡ್ಡ ಹಿಡಿದಳು. "ಕತ್ತರಿ ಬ್ಯಾಡ! ಹೆರಿಗಿ ಮನ್ಯಾಗ ಕತ್ತರಿ ಆಡೂದು ಕೂಸಿನ ಹೊಕ್ಕಳ ಬಳ್ಳಿಗೆ ಒಂದಕ್ಕs. ಅದಕ್ಕಿಂತ ಮೊದಲ ಆಡಸಬಾರ್ದು. ಕಟ್ಟಿದ್ದನ್ನ ಬಿಚ್ಚಬೇಕು, ಕಟ್ಟಿದಾಕಿನs ಬಿಚ್ಚಬೇಕು."

"ಬಿಚ್ಚಿದ್ರ ಇರ್ತೀರೇನ್ರಿ?" ಎಂದೆ.

ಅತ್ತೆ ಯೋಚಿಸಿದಳು. ಉತ್ತರ ಬಂದದ್ದು ಮಂಚದ ಮೇಲಿನಿಂದ. ಅಷ್ಟು ಹೊತ್ತು ತುಟಿ ಕಚ್ಚಿಕೊಂಡು ಮಲಗಿದ್ದ ಸೊಸೆ, ನೋವು ಇಳಿದ ಒಂದು ಸಂದಿನಲ್ಲಿ ಕಣ್ಣು ತೆರೆದು ಹೇಳಿದಳು: "ಅತ್ತಿ, ನನಗ ಗಾಡ್ಯಾಗ ಕುಂದ್ರೂ ತ್ರಾಣ ಇಲ್ಲ. ನೀವೆಲ್ಲಾರೂ ಕೂಡಿ ಗಂಟ ಬಿಚ್ರಿ. ನಾ ನನ್ನ ಕೆಲಸ ಮಾಡ್ತೀನಿ."

ಬಾಗಿಲಲ್ಲಿದ್ದ ಮಗ ಫಕ್ಕನೆ ನಕ್ಕುಬಿಟ್ಟ; ತಾಯಿ ತಿರುಗಿ ನೋಡಿದ ಕೂಡಲೇ ಕೆಮ್ಮಿದ. ಅತ್ತೆ ಸ್ಟೂಲು ಎತ್ತಿ ನಿಲ್ಲಿಸಿ ಮತ್ತೆ ಕೂತಳು. "ಹಂಗಾರ ಬಿಚ್ಚು," ಎಂದಳು ಸಾತಾರದ ಹುಡುಗಿಗೆ, ಆಕೆಗೆ ಕನ್ನಡ ಬರುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲದೆ.

ಬಿಚ್ಚು ಎನ್ನುವುದು ಸುಲಭ. ನಾವು ಕಲಿಯುವ ಗಂಟಿನ ಗುಣವೇ ಬಿಚ್ಚಬಾರದು ಎಂಬುದು. ಮೊದಲ ಸುತ್ತು, ಅದಕ್ಕೆ ಎದುರು ಸುತ್ತು, ಮೇಲೆ ಇನ್ನೊಂದು, ಎಳೆದಷ್ಟೂ ಕಚ್ಚಿಕೊಳ್ಳಬೇಕು. ನಮ್ಮ ಹುಡುಗಿ ಬಂದ ಹೊಸದರಲ್ಲಿ ಹಾಕಿದ ಗಂಟುಗಳು ಒಂದೇ ಎಳೆತಕ್ಕೆ ಜಾರಿ ಬಂದವು. ತಿಂಗಳಿಂದ ತಿಂಗಳಿಗೆ ಕೈ ಕುದುರಿದ್ದರ ಗುರುತು ಆ ಸರಳಿನ ಮೇಲೆಯೇ ಇತ್ತು. ಇತ್ತೀಚಿನವಕ್ಕೆ ಬಂದಾಗ ಉಗುರು ನಿಲ್ಲಲಿಲ್ಲ. ಸಣ್ಣ ಮೂತಿಯ ಚಿಮಟ ತಂದಳು, ಸೂಜಿ ತಂದಳು, ನೆಲದ ಮೇಲೆ ಮಂಡಿಯೂರಿ ಕೂತಳು. ಹಣೆಯ ಮೇಲೆ ಬೆವರು. ಅತ್ತೆ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಾಳಲಾರದೆ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ತಾನೂ ಬಗ್ಗಿದಳು.

"ಭಾಳ ಬಿಗಿ ಹಾಕೀ ನಮ್ಮವ್ವ. ಯಾರ ಮ್ಯಾಲಿನ ಸಿಟ್ಟು ಇದು?"

ನಾನು ಅನುವಾದಿಸಿದೆ. ಹುಡುಗಿ ಚಿಮಟದಿಂದ ಕಣ್ಣೆತ್ತದೆ ಮರಾಠಿಯಲ್ಲಿ ಉತ್ತರ ಕೊಟ್ಟಳು: "ಇವರ ಮೇಲೆ," ಎಂದು ನನ್ನ ಕಡೆ ಗದ್ದ ತೋರಿಸಿ. ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಹೀಗೆ ಅವರಿಬ್ಬರೂ ಸರಳಿಗೆ ಅಂಟಿಕೊಂಡಿರುವಾಗ ನಾನು ಬಿಪಿ ನೋಡುತ್ತಿದ್ದೆ, ಫಿಟ್ಸಿನ ಇಂಜೆಕ್ಷನ್ ಹೆಚ್ಚಾಗಿಲ್ಲ ತಾನೇ ಎಂದು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದೆ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋವು ಎಷ್ಟು ಬಿಗಿಯಾಗಿ ಬರುತ್ತಿದೆ ಎಂದು ಅಳೆಯುತ್ತಿದ್ದೆ. ನೋವಿನ ನಡುವಿನ ಬಿಡುವು ಕಡಿಮೆಯಾಗುತ್ತಿತ್ತು. ಏರಿದ್ದ ಬಿಪಿ ಅದನ್ನು ಇಳಿಸುವ ಮದ್ದಿಗೆ ಒಂದಿಷ್ಟು ಬಗ್ಗಿತ್ತು. ಕೂಸಿನ ಎದೆಬಡಿತ ಕುದುರೆಯ ಓಟದ ಹಾಗೆ ಯಂತ್ರದಲ್ಲಿ ಕೇಳುತ್ತಿತ್ತು. ಅತ್ತೆ ಆಗಾಗ ಪಿನ್ನು ನಿಲ್ಲಿಸಿ ಅದಕ್ಕೆ ಕಿವಿ ಕೊಡುತ್ತಿದ್ದಳು.

ಆಗ ಬಾಗಿಲು ತಳ್ಳಿಕೊಂಡು ನಮ್ಮ ಯುನಿಟ್ಟಿನ ಮೇಡಂ ಬಂದರು. ಆಪರೇಷನ್ ಮುಗಿಸಿ ನೇರ ಬಂದಿದ್ದರು, ಟೊಪ್ಪಿಗೆ ಇನ್ನೂ ತಲೆಯ ಮೇಲಿತ್ತು. ಮೇಡಂ ಎಂದರೆ ನಾವು ನಿಂತಲ್ಲೇ ನೆಟ್ಟಗಾಗುವವರು. ಅವರು ಕಂಡದ್ದು ಇದು: ಒಬ್ಬ ಡಾಕ್ಟರು ನೆಲದ ಮೇಲೆ ಮಂಡಿಯೂರಿ ಮಂಚಕ್ಕೆ ಚಿಮಟ ಹಾಕಿದ್ದಾಳೆ, ಪಕ್ಕದಲ್ಲಿ ಒಬ್ಬ ಮುದುಕಿ ಪಿನ್ನು ಹಿಡಿದಿದ್ದಾಳೆ, ಸಿಸ್ಟರ್ ಟಾರ್ಚು ಬಿಡುತ್ತಿದ್ದಾರೆ.

ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಬಿಪಿ ಎಷ್ಟು, ನೋವು ಹೇಗೆ, ಗರ್ಭದ ಬಾಯಿ ಎಷ್ಟು ತೆರೆದಿದೆ. ಕೊನೆಗೆ, ಇವರು ಊರಿಗೆ ಹೊರಟಿದ್ದರು, ಗಂಟು ಬಿಚ್ಚಿದರೆ ಇರುತ್ತೇವೆ ಎಂದಿದ್ದಾರೆ.

ಮೇಡಂ ಬಸುರಿಯ ಕಣ್ಣು ನೋಡಿದರು, ಕಾಲು ನೋಡಿದರು, ಹೊಟ್ಟೆ ಮುಟ್ಟಿದರು. ಆಮೇಲೆ ಬಗ್ಗಿ ಸರಳನ್ನೂ ನೋಡಿದರು. ಉಳಿದಿದ್ದ ಗಂಟುಗಳಲ್ಲಿ ಒಂದನ್ನು ಬೆರಳ ತುದಿಯಿಂದ ಎಳೆದರು. ಅದು ಅಲುಗಲಿಲ್ಲ.

"ಗಾಠ ಛಾನ್ ಆಹೇ," ಎಂದರು. ಗಂಟು ಚೆನ್ನಾಗಿದೆ. ನಮ್ಮ ಹುಡುಗಿ ಅವರ ಬಾಯಿಂದ ಕೇಳಿದ ಮೊದಲ ಹೊಗಳಿಕೆ ಅದು. ಮರುಗಳಿಗೆಯೇ, "ಆತಾ ಸೋಡವಾ. ಈಗ ಬಿಚ್ಚಿ," ಎಂದು, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು: "ಬಿಚ್ಚುವ ತನಕ ಇವರು ಇಲ್ಲಿರುತ್ತಾರಲ್ಲ? ಅವಸರ ಮಾಡಿಸಬೇಡ. ನಾನು ಪಕ್ಕದ ಕೋಣೆಯಲ್ಲೇ ಇದ್ದೇನೆ." ಬಾಗಿಲಲ್ಲಿದ್ದ ಗಂಡನಿಗೆ ಹೊರಗೆ ಹೋಗಿ ಚಹಾ ಕುಡಿದು ಬಾ ಎಂದು ಕೈಸನ್ನೆ ಮಾಡಿದರು. ಅವನು ಹೋಗಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಕೋಣೆಯ ಗಾಳಿಯೇ ಬದಲಾಯಿತು. ಬಸುರಿಯ ಉಸಿರಿನ ಸದ್ದು ಬೇರೆಯಾಯಿತು. ಹೆರಿಗೆ ಕೋಣೆಯಲ್ಲಿ ದಿನ ಕಳೆದವರಿಗೆ ಆ ಸದ್ದು ಬೆನ್ನು ತಿರುಗಿಸಿ ನಿಂತರೂ ತಿಳಿಯುತ್ತದೆ. ನಾನು ಕೈಗವಸು ಹಾಕಿದೆ. "ಈಗ ಮುಕ್ಕರಿಸು ತಂಗಿ, ಬ್ಯಾನಿ ಬಂದಾಗ ಒತ್ತು, ಹೋದಾಗ ಬಿಡು," ಎಂದೆ. ಸಾತಾರದವಳು ಚಿಮಟ ಬಿಟ್ಟು ನೆಗೆದು ಎದ್ದಳು, ಕೈ ತೊಳೆದು ನನ್ನ ಎದುರಿಗೆ ಬಂದು ನಿಂತಳು. ಅವಳನ್ನೇ ಮುಂದೆ ಬಿಟ್ಟೆ. ನನ್ನ ಕೈ ಅವಳ ಕೈಯ ಮೇಲೆ ಇತ್ತು, ಅಷ್ಟೇ.

ಅತ್ತೆ ಗಾಬರಿಯಾಗಿ ಸರಳನ್ನು ನೋಡಿದಳು. "ಬಾಯಾರ, ಇನ್ನೂ ಉಳದಾವ್ರಿ!"

ಸೊಸೆ ಮುಕ್ಕರಿಸುತ್ತಿದ್ದಳು, ಅವಳಿಗೆ ಕೇಳುವ ಹೊತ್ತಲ್ಲ. ತಲೆ ಕಂಡಿತು, ಹೆಗಲು ಕಂಡಿತು, ಮೀನಿನ ಹಾಗೆ ಜಾರಿ ಬಂತು ಕೂಸು, ಹೆಣ್ಣು. ಬೆನ್ನು ಒರೆಸುತ್ತಿದ್ದಂತೆ ಅತ್ತಿತು. ಅದರ ಅಳು ಕೇಳಿ ಬಾಗಿಲ ಆಚೆ ಗಂಡಸೊಬ್ಬ ಅತ್ತದ್ದೂ ನಮಗೆಲ್ಲ ಕೇಳಿತು. ಮೇಡಂ ಬಂದು ಹಿಂದೆ ನಿಂತಿದ್ದರು, ಯಾವಾಗ ಬಂದರೋ ಗೊತ್ತಿಲ್ಲ.

ಹೊಕ್ಕಳ ಬಳ್ಳಿ ಕತ್ತರಿಸಲು ಸಿಸ್ಟರ್ ಕತ್ತರಿ ಚಾಚಿದರು. ನಾನು ಅತ್ತೆಯ ಮುಖ ನೋಡಿದೆ. "ಅವ್ವಾರ, ಗಂಟು ಉಳದಾವಲ್ರಿ. ಏನ್ ಮಾಡೂಣ?" ಎಂದೆ, ಸ್ವಲ್ಪ ತುಂಟತನದಿಂದಲೇ.

ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು, ಬಾಯಲ್ಲಿ ಬಿಗುಮಾನ ಇನ್ನೂ ಇತ್ತು. "ಇರಲಿ ಬಿಡ್ರಿ," ಎಂದಳು. "ಅವು ಸಡ್ಲ ಆಗಿದ್ದೂ. ನಾ ಕೈಲೆ ನೋಡೀನಿ."

ಗಂಟು ಸಡಿಲಾದದ್ದರಿಂದ ಹೆರಿಗೆಯಾಯಿತು ಎಂದು ನಾನು ಹೇಳುವುದಿಲ್ಲ. ಸಲೈನ್ ತನ್ನ ಕೆಲಸ ಮಾಡಿತು, ಹೊತ್ತು ತನ್ನ ಕೆಲಸ ಮಾಡಿತು, ಎಲ್ಲಕ್ಕಿಂತ ಹೆಚ್ಚು ಹಡೆದವಳು ಮಾಡಿದಳು. ಆದರೆ ಹೊತ್ತು ಕೆಲಸ ಮಾಡಬೇಕಾದರೆ ಅವಳು ಅಲ್ಲಿ ಇರಬೇಕಿತ್ತು, ಇದ್ದಳು. ಹೆರಿಗೆಯಾದ ಮೇಲೂ ಒಂದು ದಿನ ಫಿಟ್ಸಿನ ಭಯ ಇರುತ್ತದೆ. ಆ ಇಂಜೆಕ್ಷನ್ ಮುಂದುವರಿಸಬೇಕು, ಇಲ್ಲೇ ಇರಬೇಕು ಎಂದು ಹೇಳಿದಾಗ ಮಗ ಅವ್ವನ ಮುಖ ನೋಡಿದ. ಅವ್ವ ಕೂಸಿಗೆ ಕುಲಾವಿ ಹಾಕುತ್ತಿದ್ದಳು. "ಡಾಕ್ಟರ್ರು ಹೇಳಿದ್ಮ್ಯಾಲ ಇರಬೇಕಪ್ಪ. ನಾವ್ ಹೇಳಿದ್ದು ಅವ್ರು ಕೇಳ್ಯಾರ," ಎಂದಳು. ಬಾಣಂತಿಯ ಬಿಪಿ ದಿನದಿಂದ ದಿನಕ್ಕೆ ಇಳಿಯಿತು, ಫಿಟ್ಸ್ ಬರಲಿಲ್ಲ. ಮನೆಗೆ ಹೊರಡುವ ದಿನ ಸಾತಾರದ ಹುಡುಗಿಯ ಗಲ್ಲ ಸವರಿ ನೆಟಿಗೆ ಮುರಿದು ಹೋದಳು ಅತ್ತೆ. ಅವಳು ಏನು ಹೇಳಿ ಹೋದಳು ಎಂದು ಹುಡುಗಿ ನನ್ನನ್ನು ಕೇಳಿದಳು. ಏನೂ ಹೇಳಲಿಲ್ಲ, ದೃಷ್ಟಿ ತೆಗೆದಳು, ಎಂದೆ.

ಆಮೇಲೆ ಮಳೆಗಾಲ ಕಳೆದು, ನಾನು ಪರೀಕ್ಷೆ ಬರೆದು ಪಾಸಾಗಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಒಂದು ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ಅತ್ತೆ ನಿಂತಿದ್ದಳು. ಜೊತೆಗೆ ಸೊಸೆಯಲ್ಲ, ರಾಂಜಣಗಾಂವದಲ್ಲಿ ಅವರ ಪಕ್ಕದ ಖೋಲಿಯಲ್ಲಿರುವ ಒಬ್ಬ ಹುಡುಗಿ, ಬಿಹಾರದ ಕಡೆಯವಳು, ಮೂರನೆಯ ತಿಂಗಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆ ಹುಡುಗಿಯ ಗಂಡ ಊರಿನಲ್ಲಿ ಹೆರಿಗೆ ಮಾಡಿಸೋಣ ಎಂದಿದ್ದನಂತೆ. ಅತ್ತೆ ಕೈ ಹಿಡಿದು ಮೊದಲ ಬಸ್ಸಿಗೆ ಕರೆದುಕೊಂಡು ಬಂದಿದ್ದಳು. ನಾನು ಆ ಹುಡುಗಿಯ ಬಿಪಿ ನೋಡಿದೆ, ತೂಕ ನೋಡಿದೆ, ರಕ್ತ ಪರೀಕ್ಷೆಗೆ ಕಳಿಸಿದೆ. ಎಲ್ಲ ಸರಿ ಇತ್ತು. ಮುಂದಿನ ತಿಂಗಳು ಮತ್ತೆ ಬರಲು ಹೇಳಿದೆ. ಅವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತು ಭಕ್ಕರಿ ತಿಂದು, ಮಧ್ಯಾಹ್ನದ ಬಸ್ಸಿಗೆ ಹೋದರು.